ಮದ್ಯದಂಗಡಿಯ ಲೈಸೆನ್ಸೂ ನೆರೆಮನೆಯ ನಿದ್ರೆಯೂ

ಇಂಗ್ಲೆಂಡಿನ ಯಾವುದಾದರೊಂದು ಪಟ್ಟಣದಲ್ಲಿ ಸಂಜೆಯ ಹೊತ್ತು ತಿರುಗಾಡಲು ಹೊರಟವರಿಗೆ, ಮದ್ಯವನ್ನು ಮಾರುವ ಅಂಗಡಿಯ ಕಿಟಕಿಯಲ್ಲಿ ತೆಳುನೀಲಿ ಬಣ್ಣದ ಕಾಗದವೊಂದು ಆಗಾಗ್ಗೆ ಕಣ್ಣಿಗೆ ಬೀಳುವುದುಂಟು. ಅದು ಮಾರಾಟದ ಜಾಹೀರಾತಲ್ಲ. “ಈ ಅಂಗಡಿಯ ಲೈಸೆನ್ಸಿನ ಷರತ್ತುಗಳನ್ನು ಬದಲಾಯಿಸಬೇಕೆಂದು ಅರ್ಜಿ ಹಾಕಿದ್ದೇವೆ, ಹೇಳುವುದೇನಾದರೂ ಇದ್ದರೆ ಇಂಥ ತಾರೀಖಿನೊಳಗೆ ಕೌನ್ಸಿಲಿಗೆ ತಿಳಿಸಿ” ಎಂಬುದು ಅದರ ಒಕ್ಕಣೆಯ ಸಾರಾಂಶ. ದಾರಿಹೋಕರಲ್ಲಿ ಬಹುಮಂದಿ ಅದನ್ನು ನೋಡಿಯೂ ನೋಡದಂತೆ ಮುಂದೆ ಸಾಗುವರು. ಆದರೆ ಕಾಲೇಜಿನಲ್ಲಿ ಪೌರನೀತಿಯನ್ನು ಬೋಧಿಸುವ ನಮಗೆ, ಒಂದು ಸಮಾಜದಲ್ಲಿ ವ್ಯಾಪಾರಿಗೂ ನೆರೆಯವನಿಗೂ ನಡುವೆ ನ್ಯಾಯವು ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕಾದರೆ, ದೊಡ್ಡ ದೊಡ್ಡ ಸಂವಿಧಾನ ಗ್ರಂಥಗಳಿಗಿಂತ ಆ ನೀಲಿಯ ಕಾಗದವೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಈ ದಿನ ಆ ಕಾಗದದ ಹಿಂದಿರುವ ಕ್ರಮವನ್ನು ವಿಚಾರಮಾಡೋಣ.

ಮೊದಲು ಸ್ವಲ್ಪ ಪೂರ್ವಚರಿತ್ರೆ. ಇಂಗ್ಲೆಂಡಿನಲ್ಲಿ ಪಡಖಾನೆಯನ್ನು ಇಡಬೇಕಾದರೆ ಅಪ್ಪಣೆ ಬೇಕೆಂಬ ಶಾಸನವು 6ನೆಯ ಎಡ್ವರ್ಡನ ಕಾಲದಲ್ಲಿ, 1552ರಲ್ಲಿ, ಹುಟ್ಟಿತು. ಅಪ್ಪಣೆ ಕೊಡುವವರು ಊರಿನ ಮ್ಯಾಜಿಸ್ಟ್ರೇಟರು. ತನ್ನ ಮನೆಯಲ್ಲಿ ಗಲಭೆಯಾಗದಂತೆ ನೋಡಿಕೊಳ್ಳುವೆನೆಂದು ಪಡಖಾನೆಯವನು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. 1830ರಲ್ಲಿ ಪಾರ್ಲಿಮೆಂಟು ಇನ್ನೊಂದು ಪ್ರಯೋಗಮಾಡಿ, ತೆರಿಗೆ ಕೊಡುವ ಯಾವ ಗೃಹಸ್ಥನಾದರೂ 2 ಗಿನಿ ಶುಲ್ಕ ಸಲ್ಲಿಸಿ ಮ್ಯಾಜಿಸ್ಟ್ರೇಟರ ಗೊಡವೆಯಿಲ್ಲದೆ ಬಿಯರನ್ನು ಮಾರಬಹುದೆಂದಿತು. ಬಿಯರಂಗಡಿಗಳು ನಾಯಿಕೊಡೆಗಳಂತೆ ಎದ್ದವು; 1869ರಲ್ಲಿ ಅವುಗಳನ್ನು ಪುನಃ ಮ್ಯಾಜಿಸ್ಟ್ರೇಟರ ಹತೋಟಿಗೆ ತರಬೇಕಾಯಿತು. 1914ರಲ್ಲಿ ಆರಂಭವಾದ ಮಹಾಯುದ್ಧದ ಕಾಲದಲ್ಲಿ, ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡಬಾರದೆಂದು ಮಾರಾಟದ ವೇಳೆಯನ್ನು ಬಿಗಿಮಾಡಿ, ಮಧ್ಯಾಹ್ನದಲ್ಲಿ ಕೆಲವು ಗಂಟೆ ಬಾಗಿಲು ಹಾಕಿಸಿದರು. ಯುದ್ಧ ಮುಗಿದರೂ ಆ ಕಟ್ಟು ಮುಗಿಯಲಿಲ್ಲ. ವಾರದ ದಿನಗಳಲ್ಲಿ ಅದು ಸಡಿಲವಾದದ್ದು 1988ರಲ್ಲಿ.

ಕೊನೆಗೆ 2003ರ ಲೈಸೆನ್ಸಿಂಗ್ ಆಕ್ಟು ಬಂದಿತು. ಇದು ಇಂಗ್ಲೆಂಡು ಮತ್ತು ವೇಲ್ಸುಗಳಿಗೆ ಅನ್ವಯಿಸುವ ಶಾಸನ. ಪೂರ್ಣವಾಗಿ ಜಾರಿಗೆ ಬಂದದ್ದು 2005ರ ನವೆಂಬರ್ 24ರಂದು. ಇದರಿಂದ ಎರಡು ದೊಡ್ಡ ಬದಲಾವಣೆಗಳಾದವು. ಲೈಸೆನ್ಸು ಕೊಡುವ ಅಧಿಕಾರವು ಮ್ಯಾಜಿಸ್ಟ್ರೇಟರಿಂದ ಜನರು ಆರಿಸಿದ ಸ್ಥಳೀಯ ಕೌನ್ಸಿಲಿಗೆ ಹೋಯಿತು. ದೇಶಕ್ಕೆಲ್ಲ ಒಂದೇ ಮುಚ್ಚುವ ಗಂಟೆ ಎಂಬುದು ಹೋಗಿ, ಪ್ರತಿಯೊಂದು ಅಂಗಡಿಗೂ ಅದರ ಲೈಸೆನ್ಸಿನಲ್ಲಿ ಬರೆದ ಗಂಟೆಯೇ ಗಂಟೆಯಾಯಿತು. ಆದುದರಿಂದಲೇ ಷರತ್ತುಗಳನ್ನು ಬದಲಾಯಿಸುವ ಅರ್ಜಿಗೆ ಇಷ್ಟು ಮಹತ್ವ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಲೆಸ್ಟರ್ ನಗರದಲ್ಲಿ, 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟು ಬಂದ ಗುಜರಾತಿ ಕುಟುಂಬಗಳು ಅನೇಕವಾಗಿ ನೆಲಸಿರುವುದು ತಿಳಿದ ವಿಷಯವೇ. ಅಂಥ ಒಬ್ಬರ ಮಗ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ ಎನ್ನೋಣ. ಅಲ್ಲಿ ಹಾಲು, ರೊಟ್ಟಿ, ಪತ್ರಿಕೆಗಳ ಜತೆಗೆ ಬಿಯರು, ವೈನುಗಳನ್ನೂ ರಾತ್ರಿ 11 ಗಂಟೆಯವರೆಗೆ ಮಾರಲು ಲೈಸೆನ್ಸುಂಟು. ದೊಡ್ಡ ಅಂಗಡಿಗಳ ಪೈಪೋಟಿಯಲ್ಲಿ ಬಾಡಿಗೆ ಹುಟ್ಟುವುದೇ ಕಷ್ಟ; ರಾತ್ರಿ 1 ಗಂಟೆಯವರೆಗೆ ಮಾರಿದರೆ ಸಂಸಾರ ಸಾಗೀತೆಂದು ಅವನ ಎಣಿಕೆ. ಅಂಗಡಿಯ ಮೇಲಿನ ಮಹಡಿಯಲ್ಲಿ ಎಳೆಯ ಮಕ್ಕಳ ತಾಯಿಯೊಬ್ಬಳು ವಾಸವಾಗಿದ್ದಾಳೆ. ನಡುರಾತ್ರಿಯಲ್ಲಿ ಮೋಟಾರುಗಳ ಸದ್ದು, ಬಾಗಿಲಲ್ಲಿ ನಿಂತವರ ನಗು, ಒಡೆದ ಸೀಸೆಗಳು ಅವಳ ಚಿಂತೆ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಹೀಗಿರುವಲ್ಲಿ ಶಾಸನವು ಮಾಡುವುದೇನು?

ಶಾಸನವು ನಾಲ್ಕು ಉದ್ದೇಶಗಳನ್ನು ಮುಂದಿಟ್ಟಿದೆ: ಅಪರಾಧ ಮತ್ತು ಗಲಭೆಗಳನ್ನು ತಡೆಯುವುದು, ಜನರ ಪ್ರಾಣರಕ್ಷಣೆ, ಸಾರ್ವಜನಿಕ ಉಪದ್ರವವನ್ನು ತಡೆಯುವುದು, ಮಕ್ಕಳನ್ನು ಕೇಡಿನಿಂದ ಕಾಪಾಡುವುದು. ಕೌನ್ಸಿಲು ಕೂಡಿಸಿ ಕಳೆಯಬೇಕಾದದ್ದು ಈ ನಾಲ್ಕರಲ್ಲೇ. ಕುಡಿಯುವುದು ಒಳ್ಳೆಯದೆ ಕೆಟ್ಟದ್ದೆ ಎಂಬ ಧರ್ಮಜಿಜ್ಞಾಸೆ ಅಲ್ಲಿ ಸಲ್ಲದು. “ಬೀದಿಯಲ್ಲಿ ಇಂಥ ಅಂಗಡಿಗಳು ಆಗಲೇ ಮೂರಿವೆ, ನಾಲ್ಕನೆಯದಕ್ಕೆ ಗಿರಾಕಿಗಳೆಲ್ಲಿ?” ಎಂಬ ವ್ಯಾಪಾರಿಯ ಹೊಟ್ಟೆಯುರಿಯೂ ಸಲ್ಲದು.

ಬದಲಾವಣೆಯನ್ನು ಬೇಡಲು ಬೇರೆ ಬೇರೆ ಬಾಗಿಲುಗಳಿವೆ. ಅಂಗಡಿಯ ಮೇಲ್ವಿಚಾರಕನೆಂದು ಹೆಸರಿಸಿದವನನ್ನು ಬದಲಾಯಿಸಬೇಕಾದರೆ ಒಂದು ಪ್ರತ್ಯೇಕ ಅರ್ಜಿ. ಅಂಗಡಿಯೇ ಬೇರೊಬ್ಬರ ಕೈಗೆ ಹೋದರೆ ವರ್ಗಾವಣೆಯ ಅರ್ಜಿ. ಗಲ್ಲಾಪೆಟ್ಟಿಗೆಯ ಜಾಗವನ್ನು ಸರಿಸುವಂಥ, ಯಾರಿಗೂ ಬಾಧಕವಾಗದ ಸಣ್ಣ ತಿದ್ದುಪಡಿಗೆ ಕಿರಿಯ ಅರ್ಜಿಯುಂಟು. ಅದರ ಪ್ರಕಟಣೆ ಬಿಳಿಯ ಕಾಗದದಲ್ಲಿ. ಜನರಿಗೆ ಕೊಡುವ ವಾಯಿದೆ 10 ಕೆಲಸದ ದಿನ. ಕೌನ್ಸಿಲು 15 ಕೆಲಸದ ದಿನಗಳೊಳಗೆ ತೀರ್ಮಾನಿಸಬೇಕು. ಆದರೆ ಮದ್ಯ ಮಾರುವ ವೇಳೆಯನ್ನು ಹೆಚ್ಚಿಸಲು ಈ ಕಿರಿಯ ಬಾಗಿಲು ತೆರೆಯದು. ನಮ್ಮ ಲೆಸ್ಟರಿನ ಅಂಗಡಿಕಾರನು ಹಿರಿಯ ಬಾಗಿಲನ್ನೇ ತಟ್ಟಬೇಕು. ಕಟ್ಟಡವನ್ನೇ ಬಹುವಾಗಿ ಮಾರ್ಪಡಿಸುವುದಾದರೆ ಹಿರಿಯ ಬಾಗಿಲೂ ಸಾಲದು. ಹೊಸ ಲೈಸೆನ್ಸನ್ನೇ ಬೇಡಬೇಕು.

ಹಿರಿಯ ಅರ್ಜಿಯ ಕ್ರಮ ಹೀಗಿದೆ. ಅರ್ಜಿದಾರನು ತನಗೆ ಬೇಕಾದ ಬದಲಾವಣೆಯನ್ನು ಬರೆಯುವುದಲ್ಲದೆ, ಅದರಿಂದ ಆ ನಾಲ್ಕು ಉದ್ದೇಶಗಳಿಗೆ ಭಂಗಬಾರದಂತೆ ತಾನು ಕೈಕೊಳ್ಳುವ ಏರ್ಪಾಡುಗಳನ್ನೂ ಬರೆಯಬೇಕು. ಇಲ್ಲಿ ಎಚ್ಚರಿಕೆ ಅಗತ್ಯ. ರಾತ್ರಿ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸುವೆನೆಂದು ಬರೆದರೆ ಆ ಮಾತೇ ಲೈಸೆನ್ಸಿನ ಷರತ್ತಾಗಿ ಅವನನ್ನು ಕಟ್ಟಬಲ್ಲುದು. ಷರತ್ತು ಮೀರಿ ಮಾರುವುದು ದಂಡಕ್ಕೂ ಸೆರೆವಾಸಕ್ಕೂ ಗುರಿಮಾಡುವ ಅಪರಾಧ. 2005ರಲ್ಲಿ ಗೊತ್ತುಮಾಡಿದ ಶುಲ್ಕವು ಕಟ್ಟಡದ ತೆರಿಗೆಮೌಲ್ಯವನ್ನು ಅನುಸರಿಸಿ 100 ಪೌಂಡಿನಿಂದ 635 ಪೌಂಡಿನವರೆಗೆ ಐದು ದರಗಳಾಗಿತ್ತು. ಮೇಲಿನ ಎರಡು ದರಗಳಲ್ಲಿ, ಮುಖ್ಯವಾಗಿ ಕುಡಿಯುವುದಕ್ಕಾಗಿಯೇ ಇರುವ ಸ್ಥಳಗಳು ಅದರ ಎರಡರಷ್ಟನ್ನೂ ಮೂರರಷ್ಟನ್ನೂ ಕೊಡಬೇಕಾಗಿತ್ತು.

ಅನಂತರ ಡಂಗುರ. ಅದೇ ವರ್ಷದ ನಿಯಮಗಳು ಇದನ್ನು ಅರ್ಜಿದಾರನ ಮರ್ಜಿಗೆ ಬಿಡಲಿಲ್ಲ. ಪ್ರಕಟಣೆಯ ಕಾಗದವು ತೆಳುನೀಲಿಯಾಗಿರಬೇಕು, ಅಕ್ಷರಗಳು ಕಪ್ಪಾಗಿ ಇಂತಿಷ್ಟಕ್ಕಿಂತ ಸಣ್ಣದಾಗಿರಕೂಡದು, ಬೀದಿಯಲ್ಲಿ ನಿಂತವನು ಸುಲಭವಾಗಿ ಓದುವಂತಿರಬೇಕು, ಸತತವಾಗಿ 28 ದಿನ ಅಲ್ಲಿರಬೇಕು ಎಂದು ವಿಧಿಸಿದವು. ಇದಲ್ಲದೆ 10 ಕೆಲಸದ ದಿನಗಳೊಳಗೆ ಸ್ಥಳೀಯ ಪತ್ರಿಕೆಯಲ್ಲಿ ಒಮ್ಮೆಯಾದರೂ ಪ್ರಕಟವಾಗಬೇಕೆಂದವು. ಅರ್ಜಿಯ ಪ್ರತಿಗಳು ಪೋಲೀಸರಿಗೆ, ಅಗ್ನಿಶಾಮಕದವರಿಗೆ, ಶಬ್ದ ಮತ್ತು ನೈರ್ಮಲ್ಯಗಳ ಅಧಿಕಾರಿಗಳಿಗೆ, ಮಕ್ಕಳ ರಕ್ಷಣೆಯವರಿಗೆ, ಇತರ ಅಧಿಕಾರಿಗಳಿಗೆ ಮುಟ್ಟಬೇಕು. ಕತ್ತಲೆಯಲ್ಲಿ ಕೊಟ್ಟ ಅಪ್ಪಣೆ ಅಪ್ಪಣೆಯಲ್ಲವೆಂಬುದು ಈ ನಿಯಮಗಳ ಹುರುಳು.

ಈ 28 ದಿನಗಳೊಳಗೆ ಮಹಡಿಯ ಮನೆಯ ತಾಯಿ ತನ್ನ ಅಹವಾಲನ್ನು ಬರೆದು ಕಳುಹಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹಿಂದೆ ಅಂಗಡಿಯ ಆಸುಪಾಸಿನವರು ಮಾತ್ರವೇ ಬರೆಯಬಹುದೆಂಬ ಕಟ್ಟಿತ್ತು. 2012ರಿಂದ ಅದೂ ಇಲ್ಲ. ಆದರೆ ನಮ್ಮಲ್ಲಿ ಮೂಗರ್ಜಿಯೆನ್ನುತ್ತೇವಲ್ಲ, ಅಂಥದಕ್ಕೆ ಅಲ್ಲಿ ಬೆಲೆಯಿಲ್ಲ. ಬರೆದವರಾರೆಂಬುದು ಸಾಮಾನ್ಯವಾಗಿ ಅರ್ಜಿದಾರನಿಗೆ ತಿಳಿಯತಕ್ಕದ್ದು. ಕೀಟಲೆಗಾಗಿ ಬರೆದದ್ದನ್ನು ತಳ್ಳಿಹಾಕುವರು.

ಯಾರೂ ಏನೂ ಬರೆಯದಿದ್ದರೆ ಏನಾಗುವುದು? ಅರ್ಜಿ ಕ್ರಮವಾಗಿದ್ದರೆ, ಕೌನ್ಸಿಲು ಕೇಳಿದ ಬದಲಾವಣೆಯನ್ನು ಕೊಡಲೇಬೇಕು. ಈ ಅಂಶವನ್ನು ನಾವು ಒತ್ತಿ ಹೇಳುತ್ತೇವೆ. “ದೊಡ್ಡವರು ನೋಡಿಕೊಳ್ಳುತ್ತಾರೆ” ಎಂದು ಸುಮ್ಮನಿದ್ದವನ ಪರವಾಗಿ ಶಾಸನವು ಮಾತನಾಡುವುದಿಲ್ಲ. ಮೌನವೇ ಅಲ್ಲಿ ಸಮ್ಮತಿ.

ಸಕ್ರಮವಾದ ಒಂದು ಅಹವಾಲು ಬಂದರೂ ಸಾಕು, ವಿಚಾರಣೆ ನಡೆಯಬೇಕು. ಉಭಯರೂ ಕೌನ್ಸಿಲೂ ಬೇಡವೆಂದು ಒಪ್ಪಿದರೆ ಮಾತ್ರ ಅದು ತಪ್ಪುವುದು. ವಿಚಾರಣೆಗೆ ಮುಂಚೆಯೇ ಮಾತುಕತೆಯಾಗಿ, 1 ಗಂಟೆಗೆ ಬದಲು 12 ಗಂಟೆಯೆಂದು ರಾಜಿಯಾಗಿ, ಅಹವಾಲು ಹಿಂದಕ್ಕೆ ಹೋಗುವುದೂ ಉಂಟು. ರಾಜಿಯಾಗದಿದ್ದರೆ, 28 ದಿನ ಮುಗಿದ ಮೇಲೆ 20 ಕೆಲಸದ ದಿನಗಳೊಳಗೆ ಮೂವರು ಕೌನ್ಸಿಲರ ಉಪಸಮಿತಿಯು ಕೂತು ಕೇಳುವುದು. ಎರಡು ಪಕ್ಷಕ್ಕೂ ಸಮನಾದ ವೇಳೆ. ಪಾಟೀಸವಾಲು ಸಾಮಾನ್ಯವಾಗಿ ಇಲ್ಲ. ಸಮಿತಿಯು ಅರ್ಜಿಯನ್ನು ಪೂರ್ತಿಯಾಗಿ ಒಪ್ಪಬಹುದು, ಷರತ್ತು ಹಾಕಿ ಒಪ್ಪಬಹುದು, ಒಂದು ಭಾಗವನ್ನೋ ಇಡಿಯನ್ನೋ ತಳ್ಳಬಹುದು. ಯಾವುದನ್ನು ಮಾಡಿದರೂ ಕಾರಣಗಳನ್ನು ಬರೆದು ತಿಳಿಸಬೇಕು.

ಸೋತವರು ಅಂಗಡಿಕಾರರಾಗಲಿ ಅಹವಾಲು ಬರೆದವರಾಗಲಿ 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ಗೆಲ್ಲುವುದು ಯಾವುದರಿಂದ ಎಂಬುದಕ್ಕೆ ಎರಡು ತೀರ್ಪುಗಳನ್ನು ನೆನೆಯಬಹುದು. ವಾಯವ್ಯ ಇಂಗ್ಲೆಂಡಿನ ವಿರಲ್ ಪ್ರದೇಶದ ಒಂದು ಹೋಟೆಲಿಗೆ ಕೌನ್ಸಿಲು ಹೆಚ್ಚಿನ ವೇಳೆಯನ್ನು ಕೊಟ್ಟಿತ್ತು. ನಿವಾಸಿಗಳ ಮೇಲ್ಮನವಿಯನ್ನು ಕೇಳಿ ಮ್ಯಾಜಿಸ್ಟ್ರೇಟರು ಅದನ್ನು ಮೊಟಕುಮಾಡಿದರು. 2008ರಲ್ಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ಮುಂದೆ ತೊಂದರೆಯಾದೀತೆಂಬ ಊಹೆ ಸಾಲದು, ಸಾಕ್ಷ್ಯ ಬೇಕು ಎಂಬುದು ಅದರ ತಾತ್ಪರ್ಯ. ಲಂಡನ್ನಿನ ಸೋಹೋ ಭಾಗದಲ್ಲಿ, ಪಡಖಾನೆಯ ಹೊರಗೆ ನಿಂತು ಕುಡಿಯುವವರ ಗದ್ದಲದ ಮೇಲೆ ನಿವಾಸಿಗಳು ದೂರಿದಾಗ ಕೌನ್ಸಿಲು ಬಿಗಿಯಾದ ಷರತ್ತು ಹಾಕಿತು. ಅದು ಮೇಲ್ಮನವಿಯ ಕೋರ್ಟಿನವರೆಗೆ ಹೋಗಿ, 2011ರಲ್ಲಿ ಕೌನ್ಸಿಲಿನ ತೀರ್ಮಾನವೇ ನಿಂತಿತು. ಆ ತೀರ್ಮಾನ ತಪ್ಪೆಂದು ತೋರಿಸುವ ಹೊಣೆ ಮೇಲ್ಮನವಿ ತಂದವನದೆಂದು ಕೋರ್ಟು ಹೇಳಿತು. ಎರಡನ್ನೂ ಸೇರಿಸಿ ನೋಡಿದರೆ ಬುದ್ಧಿವಾದ ಇಷ್ಟೆ: ಮಹಡಿಯ ತಾಯಿ “ಗದ್ದಲವಾಗುತ್ತದೆ” ಎಂದರೆ ಸಾಲದು; ಯಾವ ರಾತ್ರಿ, ಎಷ್ಟು ಹೊತ್ತಿಗೆ, ಏನು ನಡೆಯಿತೆಂದು ದಿನಚರಿಯಲ್ಲಿ ಬರೆದಿಡಬೇಕು. ಅಂಗಡಿಕಾರನೂ “ನಾನು ಒಳ್ಳೆಯವನು” ಎಂದರೆ ಸಾಲದು. ಒಂದೂ ದೂರಿಲ್ಲದೆ ಅಂಗಡಿ ನಡೆದ ವರ್ಷಗಳನ್ನು ತೋರಿಸಬೇಕು.

ನಮ್ಮ ಕರ್ನಾಟಕದಲ್ಲಿ ಮದ್ಯದ ಲೈಸೆನ್ಸುಗಳು 1965ರ ಅಬಕಾರಿ ಅಧಿನಿಯಮಕ್ಕೆ ಒಳಪಟ್ಟಿವೆ; ಅವುಗಳನ್ನು ಕೊಡುವುದು ಪುರಸಭೆಯಲ್ಲ, ಅಬಕಾರಿ ಇಲಾಖೆ. ದೇವಾಲಯ, ಶಾಲೆ, ಆಸ್ಪತ್ರೆಗಳಿಂದ ಅಂಗಡಿಯು 100 ಮೀಟರು ದೂರವಿರಬೇಕೆಂಬುದು 1967ರ ನಿಯಮ. ನಮ್ಮ ನಿಯಮವು ಅಳತೆಯ ಪಟ್ಟಿಯನ್ನು ಹಿಡಿದಿದೆ. ಅವರದು ನೆರೆಯವರ ಮಾತನ್ನು ಕೇಳಲು ಕಿವಿಗೊಟ್ಟಿದೆ. ಪಟ್ಟಿಯ ಗುಣವೆಂದರೆ ಅದಕ್ಕೆ ದಾಕ್ಷಿಣ್ಯವಿಲ್ಲ. ಆದರೆ 101ನೆಯ ಮೀಟರಿನಲ್ಲಿ ಮಲಗಿರುವ ಮಗುವಿಗೂ ನಿದ್ರೆ ಬೇಕು ಎಂಬುದು ಪಟ್ಟಿಗೆ ತಿಳಿಯದು.

ಅವರ ಪದ್ಧತಿಯಲ್ಲಿ ದೋಷಗಳಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಓದುಬರಹ ಬಲ್ಲ, ಬಿಡುವುಳ್ಳ ನಿವಾಸಿಗೆ ಅದು ಹೆಚ್ಚು ಫಲಿಸುತ್ತದೆ. ಎರಡು ಪಾಳಿ ದುಡಿದು ಬರುವವನು ನೀಲಿಯ ಕಾಗದವನ್ನು ಓದುವ ಹೊತ್ತಿಗೆ 28 ದಿನ ಕಳೆದಿರಬಹುದು. ಆದರೂ ಒಂದು ಬೀದಿಯ ರಾತ್ರಿಯು ಹೇಗಿರಬೇಕೆಂಬುದನ್ನು ಆ ಬೀದಿಯವರನ್ನು ಕೇಳಿಯೇ ಗೊತ್ತುಮಾಡಬೇಕೆಂಬ ತತ್ವವು ದೊಡ್ಡದು. ನಮ್ಮ ಲೆಸ್ಟರಿನ ಅಂಗಡಿಯ ವ್ಯಾಜ್ಯವು 12 ಗಂಟೆಗೆ ಮುಗಿದೀತೋ, 11ಕ್ಕೇ ನಿಂತೀತೋ, ಅದು ಮುಖ್ಯವಲ್ಲ. ಮಾರುವವನೂ ಮಲಗುವವಳೂ ಒಂದೇ ಮೇಜಿನ ಮುಂದೆ ಕೂತು, ಸಮನಾದ ಹೊತ್ತು ಮಾತನಾಡಿ, ಬರೆದ ಕಾರಣಗಳನ್ನು ಕೈಯಲ್ಲಿ ಹಿಡಿದು ಮನೆಗೆ ಹಿಂದಿರುಗಿದರೆ, ಮಾರನೆಯ ಬೆಳಗ್ಗೆ ಅವಳು ಅದೇ ಅಂಗಡಿಗೆ ಹೋಗಿ ಹಾಲು ಕೊಳ್ಳುವುದು ಕಷ್ಟವಾಗಲಾರದು.