ಬಳ್ಳಿ ಸುಟ್ಟರು, ಕಂಬ ಉಳಿಯಿತು

ಕಿತ್ತ ದ್ರಾಕ್ಷಿ ಬಳ್ಳಿಯನ್ನು ಒಟ್ಟಿ ಬೆಂಕಿ ಹಚ್ಚಬಹುದು. ಅದು ಹಬ್ಬಿದ್ದ ಕಂಬಗಳನ್ನು ಮಾತ್ರ ಸುಡುವಂತಿಲ್ಲ. ಗೆದ್ದಲು ಹತ್ತದಿರಲೆಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಪೈನ್ ಮರ ಅದು. ಹೊಗೆಯೂ ವಿಷ, ಬೂದಿಯೂ ವಿಷ. ಹಾಗಾಗಿ ದಕ್ಷಿಣ ಆಸ್ಟ್ರೇಲಿಯಾದ ರಿವರ್‌ಲ್ಯಾಂಡ್‌ನಲ್ಲಿ ತೋಟ ಹೋದ ಮೇಲೂ ಮಾಸಲು ಹಸಿರು ಕಂಬಗಳ ರಾಶಿ ಹೊಲದ ಮೂಲೆಯಲ್ಲಿ ಬಿದ್ದಿರುತ್ತದೆ.

ಮರ್ರೆ ನದಿಯ ದಂಡೆಯ ಈ ಸೀಮೆಯಲ್ಲಿ ಮಳೆ ನಂಬಿ ತೋಟ ಮಾಡುವುದು ಆಗದ ಮಾತು. ಕೆನಡಾದಲ್ಲಿ ಹುಟ್ಟಿದ ಚಾಫಿ ಸಹೋದರರು 1887ರಲ್ಲಿ ರೆನ್‌ಮಾರ್ಕ್‌ನಲ್ಲಿ ನದಿ ನೀರನ್ನು ಮೇಲೆತ್ತಿ ಹರಿಸಿದ ಮೇಲೆಯೇ ಇಲ್ಲಿ ಹಸಿರು ಕಂಡಿದ್ದು. ಮಹಾಯುದ್ಧಗಳಿಂದ ಮರಳಿದ ಸೈನಿಕರಿಗೆ ಸರ್ಕಾರ ತುಂಡು ಜಮೀನು ಹಂಚಿತು. ಆ ತುಂಡು ‘ಬ್ಲಾಕ್’, ಅದರ ಒಡೆಯ ‘ಬ್ಲಾಕಿ’. ಹೆಸರು ಇಂದಿಗೂ ಹಾಗೆಯೇ ಉಳಿದಿದೆ.

ಬಳ್ಳಿ ಕೀಳುವುದು ಇಲ್ಲಿಗೆ ಹೊಸದೇನಲ್ಲ. 1980ರ ದಶಕದ ನಡುವೆ ದ್ರಾಕ್ಷಿ ಹೆಚ್ಚಾಗಿ, ಕೀಳುವವರಿಗೆ ಸರ್ಕಾರವೇ ಹಣ ಕೊಟ್ಟಿತ್ತು. ಅದೇ ರಾಜ್ಯದ ಬರೋಸಾ ಕಣಿವೆಯಲ್ಲಿ ಹಳೆಯ ಶಿರಾಜ್ ತಳಿಯ ಬಳ್ಳಿಗಳೂ ಬುಡಸಮೇತ ಹೋದವು. ಹತ್ತೇ ವರ್ಷ, ಗಾಳಿ ತಿರುಗಿತು. ಬಿಸಿಲಿನ ರುಚಿಯ ಅಗ್ಗದ ಆಸ್ಟ್ರೇಲಿಯನ್ ವೈನ್‌ಗೆ ಬ್ರಿಟನ್ನೂ ಅಮೆರಿಕವೂ ಮರುಳಾದವು. 2025ರ ಹೊತ್ತಿಗೆ ವರ್ಷಕ್ಕೆ 450 ಕೋಟಿ ಆಸ್ಟ್ರೇಲಿಯನ್ ಡಾಲರ್ ವಹಿವಾಟು ಎಂದು 1996ರಲ್ಲಿ ಉದ್ಯಮ ಗುರಿ ಬರೆದುಕೊಂಡಿತು. ತೋಟ ಹಾಕುವವರಿಗೆ ತೆರಿಗೆಯಲ್ಲೂ ರಿಯಾಯಿತಿ ಇತ್ತು. ಎಲ್ಲರೂ ನೆಟ್ಟರು.

ಆಮೇಲೆ ಚೀನಾ ಬಂತು. 2015ರ ವ್ಯಾಪಾರ ಒಪ್ಪಂದದ ಪ್ರಕಾರ ಸುಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2019ಕ್ಕೆ ಸೊನ್ನೆಯಾಯಿತು. ಒಂದು ವರ್ಷದಲ್ಲಿ 100 ಕೋಟಿ ಡಾಲರ್‌ಗೂ ಮೀರಿದ ವೈನ್ ಅಲ್ಲಿಗೆ ಹೋಯಿತು, ಬಹುಪಾಲು ಕೆಂಪು. ಹೊಸದಾಗಿ ನೆಡುವವರೂ ಕೆಂಪನ್ನೇ ನೆಟ್ಟರು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹುಟ್ಟಿದ್ದೆಲ್ಲಿ ಎಂದು ತನಿಖೆಯಾಗಲಿ ಎಂದಿತು ಆಸ್ಟ್ರೇಲಿಯಾ. ಅದೇ ವರ್ಷದ ನವೆಂಬರ್‌ನಲ್ಲಿ ಚೀನಾ ವೈನ್ ಮೇಲೆ ದಂಡದ ಸುಂಕ ಹೇರಿತು. ಮರುವರ್ಷ ಮಾರ್ಚ್‌ನಲ್ಲಿ ಅದು ಶೇ 218ರವರೆಗೆ ಏರಿತು. ಬಾಯಿ ಬಿಟ್ಟಿದ್ದು ಕ್ಯಾನ್‌ಬೆರಾದ ಸರ್ಕಾರ, ತೆತ್ತವನು ಬ್ಲಾಕಿ.

ಟ್ಯಾಂಕುಗಳಲ್ಲಿ ವೈನ್ ನಿಂತಿತು. 2023ರಲ್ಲಿ ರಾಬೊಬ್ಯಾಂಕ್ ಅಂದಾಜಿಸಿದಂತೆ 200 ಕೋಟಿ ಲೀಟರಿಗೂ ಹೆಚ್ಚು, ಎಂದರೆ ಎರಡು ವರ್ಷದ ಉತ್ಪಾದನೆ. ರಿವರ್‌ಲ್ಯಾಂಡ್‌ನಂಥ ಬಿಸಿ ಒಳನಾಡಿನ ಕೆಂಪು ದ್ರಾಕ್ಷಿಯ ಸರಾಸರಿ ಬೆಲೆ 2020ರಲ್ಲಿ ಟನ್ನಿಗೆ 659 ಡಾಲರ್ ಇದ್ದದ್ದು 2023ಕ್ಕೆ 304ಕ್ಕೆ ಕುಸಿಯಿತು. ನಮ್ಮ ಲೆಕ್ಕದಲ್ಲಿ ಕೆಜಿಗೆ ಹದಿನಾರು, ಹದಿನೇಳು ರೂಪಾಯಿ. ಒಂದು ಬಾಟಲಿಗೆ ಬೇಕಾಗುವುದು ಕೆಜಿಗಿಂತ ತುಸು ಹೆಚ್ಚು ಹಣ್ಣು. ಖಾಲಿ ಬಾಟಲಿಗೇ ಒಳಗಿನ ದ್ರಾಕ್ಷಿಗಿಂತ ಬೆಲೆ ಜಾಸ್ತಿ ಎಂಬಂಥ ಸ್ಥಿತಿ.

ಕೋಲಾರದ ರೈತ ಬೆಲೆ ಬಿದ್ದಾಗ ಟೊಮೆಟೊ ರಸ್ತೆಗೆ ಸುರಿದು, ಮುಂದಿನ ಹಂಗಾಮಿಗೆ ಬೇರೇನೋ ಹಾಕಬಹುದು. ವಿಜಯಪುರದವನು ದ್ರಾಕ್ಷಿ ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರಕ್ಕೆ ಕಾಯಬಹುದು. ವೈನ್ ದ್ರಾಕ್ಷಿಗೆ ಆ ದಾರಿಯೂ ಕಷ್ಟ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ, ತಿನ್ನಲು ಕೊಳ್ಳುವವರಿಲ್ಲ. ನೆಟ್ಟು ಮೂರು ವರ್ಷಕ್ಕೆ ಫಲ ಶುರು, ಮುಂದೆ ಹತ್ತಾರು ವರ್ಷ ಬಿಡುತ್ತಲೇ ಇರುತ್ತದೆ. ಒಳ್ಳೆಯ ಕಾಲ ನೋಡಿ ನೆಟ್ಟದ್ದು ಕೆಟ್ಟ ಕಾಲದಲ್ಲಿ ಗೊಂಚಲುಗಟ್ಟುತ್ತದೆ. ಕೊಯ್ಯದೆ ಬಿಟ್ಟರೂ ಚಾಟ್ನಿ (ಬಳ್ಳಿ ಸವರುವುದು), ಔಷಧಿ ತಪ್ಪಿಸುವಂತಿಲ್ಲ. ರೋಗ ಪಕ್ಕದ ತೋಟಕ್ಕೆ ಹಾರುತ್ತದೆ.

2024ರ ಮಾರ್ಚ್ ಕೊನೆಗೆ ಚೀನಾ ಸುಂಕ ತೆಗೆಯಿತು. ರಫ್ತು ಜಿಗಿಯಿತು, ಆದರೆ ಜಿಗಿದದ್ದು ಹೆಚ್ಚಾಗಿ ದುಬಾರಿ ಬಾಟಲಿಗಳು. ಅಷ್ಟರಲ್ಲಿ ಚೀನೀಯರೇ ವೈನ್ ಕುಡಿಯುವುದು ಬಹಳ ಕಮ್ಮಿ ಮಾಡಿದ್ದರು. ಜಗತ್ತಿನ ಬೇರೆಡೆಯೂ ಇದೇ ಕಥೆ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ಒಪ್ಪಂದವೂ ಸುಂಕ ಇಳಿಸಿದ್ದು 5 ಅಮೆರಿಕನ್ ಡಾಲರ್ ಮೇಲಿನ ಬಾಟಲಿಗೆ. ರಿವರ್‌ಲ್ಯಾಂಡಿನ ಸರಕು ಬಹುತೇಕ ಅದಕ್ಕಿಂತ ಕೆಳಗಿನದು.

ಬಾದಾಮಿ, ಕಿತ್ತಳೆಗೆ ಹೊರಳಿದವರಿದ್ದಾರೆ. ಅದಕ್ಕೆ ಬಂಡವಾಳ ಬೇಕು, ಮತ್ತೆ ಕೆಲವು ವರ್ಷ ಕಾಯಬೇಕು. ಮರ್ರೆ ಸೀಮೆಯಲ್ಲಿ ನೀರಿನ ಹಕ್ಕು ಜಮೀನಿನಿಂದ ಬೇರೆ, ಅದನ್ನು ವರ್ಷದ ಮಟ್ಟಿಗೂ ಮಾರಬಹುದು. ಹಾಗಾಗಿ ದ್ರಾಕ್ಷಿಗೆ ಗಿರಾಕಿ ಸಿಗದ ವರ್ಷ ಬ್ಲಾಕಿಯ ಮುಂದೆ ಇನ್ನೊಂದು ದಾರಿ ಇದೆ: ಬಳ್ಳಿಯನ್ನು ಒಣಗಲು ಬಿಟ್ಟು ನೀರನ್ನು ಮಾರುವುದು.