ಓದುತ್ತಾ ಓದುತ್ತಾ ನಿಂತುಬಿಡುವ ಮಗು

ಮದ್ರಸದಲ್ಲಿ ಕುರ್‌ಆನ್ ಓದುತ್ತಿರುವ ಮಗು ಆಯತ್‌ನ ನಡುವೆ ತಟ್ಟನೆ ನಿಂತುಬಿಡುತ್ತದೆ. ಕಣ್ಣು ತೆರೆದೇ ಇರುತ್ತದೆ, ನೋಟ ಎಲ್ಲೋ ನೆಟ್ಟಿರುತ್ತದೆ, ರೆಪ್ಪೆ ಸಣ್ಣಗೆ ಅದುರುತ್ತದೆ. ಹತ್ತು ಸೆಕೆಂಡು ಕಳೆದರೆ ಏನೂ ಆಗದಂತೆ ಓದು ಮುಂದುವರಿಯುತ್ತದೆ. ಉಸ್ತಾದರು ‘ಗಮನವಿಲ್ಲ’ ಎನ್ನುತ್ತಾರೆ, ಮನೆಯಲ್ಲಿ ಬೈಗುಳ. ಕೆಲವರು ದೃಷ್ಟಿ ತಾಗಿದೆ ಎಂದು ತಾಯಿತ ಕಟ್ಟಿಸಿಕೊಂಡು ಬರುತ್ತಾರೆ.

ಬೈಯುವ ಮೊದಲು ಒಮ್ಮೆ ಯೋಚಿಸಿ. ಇದು ‘ಆಬ್ಸೆನ್ಸ್ ಸೀಜರ್’ ಎಂಬ ಬಗೆಯ ಫಿಟ್ಸ್ ಇರಬಹುದು. ಇದರಲ್ಲಿ ಮಗು ಬೀಳುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ಆದ್ದರಿಂದಲೇ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಸಾಮಾನ್ಯವಾಗಿ 4ರಿಂದ 10ರ ವಯಸ್ಸಿನಲ್ಲಿ ಆರಂಭವಾಗಿ ದಿನಕ್ಕೆ ಹತ್ತಾರು ಸಲ ಬರುತ್ತದೆ. ಇಇಜಿ ಪರೀಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 3ರಂತೆ ಮೊನಚಾದ ಅಲೆಗಳು ಕಾಣುತ್ತವೆ. ಪರೀಕ್ಷೆಯ ವೇಳೆ ಮಗುವಿಗೆ ಜೋರಾಗಿ ಉಸಿರಾಡಲು ಹೇಳುವುದುಂಟು, ಏಕೆಂದರೆ ಹಾಗೆ ಮಾಡಿದರೆ ಫಿಟ್ಸ್ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ. ಹಾಸಿಗೆಯಲ್ಲಿ ಮೂತ್ರ ಮಾಡುವ ಮಕ್ಕಳಿಗೆ ಕೆಲವೊಮ್ಮೆ ಇಮಿಪ್ರಮೈನ್ ಮಾತ್ರೆ ಕೊಡಲಾಗುತ್ತದೆ. ಮೂಲತಃ ಇದು 1950ರ ದಶಕದಲ್ಲಿ ಖಿನ್ನತೆಗೆಂದು ಬಂದ ‘ಟ್ರೈಸೈಕ್ಲಿಕ್’ ಗುಂಪಿನ ಔಷಧಿ. ಈ ಗುಂಪು ಫಿಟ್ಸ್ ತಡೆಯುವ ಮೆದುಳಿನ ಶಕ್ತಿಯನ್ನು ಕುಗ್ಗಿಸುತ್ತದೆ, ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ವಿಚಿತ್ರವೆಂದರೆ, 1970ರ ದಶಕದಲ್ಲಿ ಅಮೆರಿಕದ ನರವೈದ್ಯರು ಇದೇ ಇಮಿಪ್ರಮೈನನ್ನು ಆಬ್ಸೆನ್ಸ್ ಇದ್ದ ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದಾಗ ಕೆಲವರಲ್ಲಿ ಫಿಟ್ಸ್ ಕಡಿಮೆಯಾಯಿತು! ಆದರೆ ಅದು ಚಿಕಿತ್ಸೆಯಾಗಿ ನೆಲೆಗೊಳ್ಳಲಿಲ್ಲ. ರಚನೆಯಲ್ಲಿ ಇದರ ಹತ್ತಿರದ ಸಂಬಂಧಿಯಾದ ಕಾರ್ಬಮಜೆಪೀನ್ ಬೇರೆ ಬಗೆಯ ಫಿಟ್ಸ್‌ಗೆ ಒಳ್ಳೆಯ ಔಷಧಿ, ಆಬ್ಸೆನ್ಸನ್ನು ಮಾತ್ರ ಉಲ್ಬಣಗೊಳಿಸಬಲ್ಲದು. ಆದ್ದರಿಂದ ನೆರೆಮನೆಯ ಮಗುವಿನ ‘ಫಿಟ್ಸ್ ಮಾತ್ರೆ’ಯನ್ನು ನಿಮ್ಮ ಮಗುವಿಗೆ ಕೊಡಬೇಡಿ.

2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 453 ಮಕ್ಕಳ ಮೇಲೆ ಮೂರು ಔಷಧಿಗಳನ್ನು ಹೋಲಿಸಲಾಯಿತು. ಎಥೊಸಕ್ಸಿಮೈಡ್ ಮತ್ತು ವಾಲ್ಪ್ರೊಯೇಟ್ ಬಹುಮಟ್ಟಿಗೆ ಸಮನಾಗಿ ಕೆಲಸ ಮಾಡಿದವು, ಲ್ಯಾಮೋಟ್ರಿಜಿನ್ ಹಿಂದುಳಿಯಿತು. ಮಗುವಿನ ಗಮನಶಕ್ತಿಗೆ ಎಥೊಸಕ್ಸಿಮೈಡ್‌ನಿಂದ ತೊಂದರೆ ಕಡಿಮೆ. ಓದುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಯುನಾನಿ ಗ್ರಂಥಗಳು ಅಪಸ್ಮಾರಕ್ಕೆ ಊದ್ ಸಲೀಬ್ ಹೇಳುತ್ತವೆ. ಯುನಾನಿ ಓದಿದ ನಾನೇ ಹೇಳುತ್ತಿದ್ದೇನೆ, ಅದನ್ನು ನಂಬಿ ನರವೈದ್ಯರ ಔಷಧಿ ನಿಲ್ಲಿಸಬೇಡಿ.

ಮಗು ಹಾಗೆ ಸ್ತಬ್ಧವಾದಾಗ ಮೊಬೈಲ್‌ನಲ್ಲಿ ವೀಡಿಯೊ ಮಾಡಿ ವೈದ್ಯರಿಗೆ ತೋರಿಸಿ. ಇಮಿಪ್ರಮೈನ್ ಬರೆದುಕೊಟ್ಟರೆ, ಮಗು ಹೀಗೆ ನಿಂತುಬಿಡುವ ವಿಷಯವನ್ನು ಮೊದಲೇ ತಿಳಿಸಿ. ಆ ಮಾತ್ರೆಗಳು ಬೀಗ ಹಾಕಿದ ಕಪಾಟಿನಲ್ಲಿರಲಿ. ಪುಟ್ಟ ತಮ್ಮನೋ ತಂಗಿಯೋ ನಾಲ್ಕಾರು ನುಂಗಿದರೆ ಹೃದಯದ ಬಡಿತವೇ ತಪ್ಪಬಹುದು. ಹಾಗಾದರೆ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ, ಖಾಲಿ ಸ್ಟ್ರಿಪ್ ಜೊತೆಗಿರಲಿ.