ಜಾರುವ ರನ್‌ವೇ, ಬಜ್ಪೆಯ ಗುಡ್ಡ

ನೆಲಕ್ಕಿಳಿದ ವಿಮಾನ ನಿಲ್ಲುವುದು ಬಹುಮಟ್ಟಿಗೆ ಚಕ್ರದ ರಬ್ಬರು ನೆಲವನ್ನು ಕಚ್ಚಿ ಹಿಡಿಯುವುದರಿಂದ. ರೆಕ್ಕೆಯ ಮೇಲೆ ಏಳುವ ಸ್ಪಾಯ್ಲರ್ ಹಲಗೆಗಳು ವಿಮಾನದ ಭಾರವನ್ನು ಚಕ್ರಗಳ ಮೇಲೆ ಹಾಕುತ್ತವೆ, ಎಂಜಿನ್‌ಗಳು ಗಾಳಿಯನ್ನು ಮುಂದಕ್ಕೆ ತಿರುಗಿಸಿ ನೆರವಾಗುತ್ತವೆ. ಆದರೆ ಆ ಹಿಡಿತವೇ ತಪ್ಪಿದರೆ ಬ್ರೇಕ್ ಇದ್ದೂ ಇಲ್ಲದಂತೆ. ಹಿಮ ಬೀಳುವ ನಾಡುಗಳಲ್ಲಿ ಈ ಹಿಡಿತವನ್ನು ಮಂಜುಗಡ್ಡೆ ಕಸಿಯುತ್ತದೆ; ಮಂಗಳೂರಿನಲ್ಲಿ ಮುಂಗಾರು ಮಳೆ.

ಎರಡಕ್ಕೂ ಅಂತರ ತೀರಾ ಕಡಿಮೆ. ರನ್‌ವೇ ಸ್ಥಿತಿಯನ್ನು ಪೈಲಟ್‌ಗೆ ತಿಳಿಸುವ ಅಂತರರಾಷ್ಟ್ರೀಯ ಕ್ರಮದಲ್ಲಿ ಒಣ ರನ್‌ವೇಗೆ 6, ಬರೀ ಒದ್ದೆಯಾಗಿದ್ದರೆ 5 ಅಂಕ. 3 ಮಿಲಿಮೀಟರ್‌ಗಿಂತ ಹೆಚ್ಚು ನೀರು ನಿಂತರೆ ಅಂಕ ಒಮ್ಮೆಲೇ 2ಕ್ಕೆ ಕುಸಿಯುತ್ತದೆ. ಮಂಜುಗಡ್ಡೆಯ ಅಂಕ 1. ನೀರು ನಿಂತಾಗ ವೇಗದ ಚಕ್ರ ಅದನ್ನು ಬದಿಗೆ ತಳ್ಳಲಾರದೆ ಅದರ ಮೇಲೆಯೇ ತೇಲತೊಡಗುತ್ತದೆ. ಟೈರಿನ ಒತ್ತಡ ಕಡಿಮೆಯಿದ್ದಷ್ಟೂ ಕಡಿಮೆ ವೇಗದಲ್ಲೇ ತೇಲುವುದರಿಂದ ಸಣ್ಣ ವಿಮಾನಗಳೂ ಈ ಅಪಾಯದಿಂದ ಹೊರತಲ್ಲ.

ಮಂಗಳೂರಿನ ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲಿ ಶುರುವಾಯಿತು. ಗುಡ್ಡದ ನೆತ್ತಿಯ ಹಳೆಯ ರನ್‌ವೇ 1,615 ಮೀಟರ್ ಉದ್ದವಿತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನ ಮಳೆಯಲ್ಲಿ ಈ ರನ್‌ವೇ ದಾಟಿ ಮುಂದಕ್ಕೆ ಹೋಯಿತು. ವಿಮಾನ ಮತ್ತೆ ಹಾರಲಿಲ್ಲ. ಆದರೆ ಅದರಲ್ಲಿದ್ದ 26 ಮಂದಿಯೂ ಬದುಕಿದರು; ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯಿಲಿ ಅವರಲ್ಲೊಬ್ಬರು.

2,450 ಮೀಟರ್‌ನ ಹೊಸ ರನ್‌ವೇ 2006ರಲ್ಲಿ ಬಳಕೆಗೆ ಬಂತು. ಅದೂ ಟೇಬಲ್‌ಟಾಪ್, ತುದಿಯಾಚೆ ಇಳಿಜಾರು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿಂದಲೇ ಕಣಿವೆಗೆ ಬಿದ್ದು 158 ಜನ ಸತ್ತರು, 8 ಮಂದಿ ಉಳಿದರು. ಕರಾವಳಿಯ ಎಷ್ಟೋ ಮನೆಗಳಿಗೆ ಆ ದಿನ ಇನ್ನೂ ಹಸಿಯಾಗಿದೆ. ಮುಖ್ಯವಾಗಿ ನೆನಪಿಡಬೇಕಾದ ಸಂಗತಿ, ಅಂದು ಮಳೆ ಇರಲಿಲ್ಲ, ರನ್‌ವೇ ಒಣಗಿತ್ತು. ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿಯಲ್ಲಿ ದಾಟಿತು. ಚಕ್ರ ನೆಲ ಮುಟ್ಟುವ ಹೊತ್ತಿಗೆ 5,200 ಅಡಿ ರನ್‌ವೇ ಹಿಂದೆ ಸರಿದಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಇಳಿದ ಮೇಲೂ ಪೂರ್ತಿ ಬ್ರೇಕ್ ಹಾಕಿದ್ದರೆ ರನ್‌ವೇಯಾಚೆಯ ಗಟ್ಟಿ ನೆಲದೊಳಗೇ ವಿಮಾನ ನಿಲ್ಲುತ್ತಿತ್ತೆಂದು ತನಿಖಾ ವರದಿ ಹೇಳಿತು. ಆದರೆ ಕ್ಯಾಪ್ಟನ್ ಅರ್ಧಕ್ಕೇ ಮನಸ್ಸು ಬದಲಿಸಿ ಮತ್ತೆ ಹಾರಿಸಲು ಹೊರಟದ್ದರಿಂದ ಉಳಿದ ಜಾಗವೂ ಕೈತಪ್ಪಿತು. ಮರಳಿನ ತಡೆಯನ್ನೂ ದಾಟಿದ ವಿಮಾನದ ಬಲರೆಕ್ಕೆ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು.

ಒಣ ನೆಲದಲ್ಲೇ ತಡವಾಗಿ ಇಳಿಯುವುದು ಇಷ್ಟು ದುಬಾರಿಯಾದರೆ, ಮಳೆಯಲ್ಲಿ ಅದಕ್ಕೆ ಕ್ಷಮೆಯೇ ಇಲ್ಲ. ಕೋಯಿಕ್ಕೋಡ್‌ನ ಟೇಬಲ್‌ಟಾಪ್ ರನ್‌ವೇಯಲ್ಲಿ 2020ರ ಆಗಸ್ಟ್ 7ರಂದು ಮಳೆ ಮತ್ತು ಹಿಂಗಾಳಿಯ ನಡುವೆ ವಿಮಾನ ನೆಲ ಮುಟ್ಟಿದ್ದು ಅರ್ಧ ರನ್‌ವೇ ಕಳೆದ ಮೇಲೆ; 21 ಮಂದಿ ತೀರಿಕೊಂಡರು.

ನೀರು ಬೇಗ ಹರಿದುಹೋಗುವಂತೆ ರನ್‌ವೇಗೆ ಅಡ್ಡ ಗೀರು ಹಾಕುವುದು, ಅಂಟಿದ ಟೈರಿನ ರಬ್ಬರನ್ನು ಕೆರೆದು ತೆಗೆಯುವುದು, ತುದಿಯಾಚೆ ಸುರಕ್ಷಿತ ಜಾಗ ಬಿಡುವುದು ನೆಲದ ಮೇಲಿನ ಉಪಾಯಗಳು. 2023ರಲ್ಲಿ ಮಂಗಳೂರಿನ ಕಾಂಕ್ರೀಟ್ ರನ್‌ವೇಗೆ ಡಾಂಬರಿನ ಹೊದಿಕೆಯೂ ಬಂತು. ಆಕಾಶದಲ್ಲಿರುವ ಉಪಾಯ ಒಂದೇ: ಎತ್ತರ, ವೇಗ, ಇಳಿಯುವ ಜಾಗ ಇವುಗಳಲ್ಲಿ ಯಾವುದೊಂದು ಸರಿಯಿಲ್ಲದಿದ್ದರೂ ನೆಲ ಮುಟ್ಟುವ ಮೊದಲೇ ಮೇಲೇರಿ, ಇನ್ನೊಂದು ಸುತ್ತು ಬರುವುದು ಅಥವಾ ಬೇರೆ ನಿಲ್ದಾಣಕ್ಕೆ ಹೋಗುವುದು.